ಹನ್ನೊಂದು ದಿನದ ಕುಲಾವಿ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ ಅಂತ ಗಾದೆ ಕಟ್ಟಿ ನಕ್ಕವರು ಯಾರೋ ಗೊತ್ತಿಲ್ಲ, ಅವರಂತೂ ಸೂಜಿ ಹಿಡಿದವರಲ್ಲ. ಹುಟ್ಟಿದ ಮೇಲೆ ಶುರು ಮಾಡಿ ಹನ್ನೆರಡನೇ ದಿನ ತೊಟ್ಟಿಲಿಗೆ ಹಾಕುವಷ್ಟರಲ್ಲಿ ಮುಗಿಸಬೇಕು ಅಂದ್ರೆ ಕೈಯಲ್ಲಿ ಉಳಿಯೋದು ಹನ್ನೊಂದೇ ದಿನ. ತಮ್ಮನ ಹೆಂಡತಿಗೆ ಏಳು ತಿಂಗಳಿದ್ದಾಗಲೇ ನಾನು ಗುಳೇದಗುಡ್ಡದ ಖಣ, ಅದೇ ಕುಪ್ಪಸದ ಬಟ್ಟೆ, ತಂದಿಟ್ಟಿದ್ದೆ. ಅವ್ವ ಅದನ್ನು ಕಸಿದುಕೊಂಡು ಟ್ರಂಕಿಗೆ ಹಾಕಿ ಬೀಗ ಜಡಿದಳು. "ಮೊದಲ ಹಡೀಲಿ, ಆಮ್ಯಾಲ ಹೊಲಿಯಾಕಿಯಂತ."

ನಮ್ಮ ಮನೆಯಲ್ಲಿ ಕುಂಚಿಗೆ, ಕುಲಾವಿ ಸೋದರತ್ತೆಯ ಲೆಕ್ಕ. ಕಲಬುರಗಿ ಸೂಪರ್ ಮಾರ್ಕೆಟ್‌ನಲ್ಲಿ ಸಿದ್ಧ ಸಿಗ್ತಾವೆ, ಮಿರಮಿರ ಮಿಂಚ್ತಾವೆ. ಆದರೆ ಒಳಗೆ ಬೆರಳಾಡಿಸಿ ನೋಡಿ, ಜರಿ ಚುಚ್ಚುತ್ತೆ. ಅದಕ್ಕೇ ನಾನೇ ಹೊಲಿದೆ. ಅಂದಹಾಗೆ ಕುಲಾವಿ ಅನ್ನೋ ಮಾತು ಪಾರ್ಸಿಯ 'ಕುಲಾಹ್', ಅಂದರೆ ಟೋಪಿ. 1347ರಲ್ಲಿ ಬಹಮನಿಯವರು ನಮ್ಮೂರನ್ನೇ ರಾಜಧಾನಿ ಮಾಡಿಕೊಂಡಿದ್ದರು, ಅವರ ದರ್ಬಾರಿನ ಭಾಷೆಯೂ ಪಾರ್ಸಿಯೇ. ಸುಲ್ತಾನರ ತಲೆಗೂ ಕೂಸಿನ ತಲೆಗೂ ಒಂದೇ ಮಾತು ನೋಡಿ.

ತೊಂದರೆ ಬಂದದ್ದು ಅಳತೆಗೆ. ಬಾಣಂತಿ ಸೇಡಂನ ತವರಲ್ಲಿ, ನಾನು ಇಲ್ಲಿ. ತಮ್ಮನಿಗೆ ಅಳತೆ ಕಳಿಸು ಅಂದರೆ ಟೇಪ್ ಇಲ್ಲ ಅಂತ ಮೊಬೈಲ್ ಚಾರ್ಜರ್ ವೈರ್ ಸುತ್ತಿ, ಆಮೇಲೆ ಅದನ್ನು ಸ್ಕೇಲಿಗೆ ಹಿಡಿದು, 22 ಇಂಚು ಅಂತ ಮೆಸೇಜ್ ಹಾಕಿದ. ಈಗ ಹುಟ್ಟಿದ ಕೂಸಿನ ತಲೆ ಸುಮಾರು 14 ಇಂಚು ಇರುತ್ತೆ. 22 ಅವನ ತಲೆಯೇ ಇರಬೇಕು. ಕೊನೆಗೆ ಅಡುಗೆಮನೆಯ ತೆಂಗಿನಕಾಯಿಗೆ ದಾರ ಸುತ್ತಿದೆ. ಹದಿನಾಲ್ಕಕ್ಕೆ ಒಂದು ಬೆರಳು ಕಡಿಮೆ. ಸಾಕಲ್ವಾ?

ಖಣದಲ್ಲಿ ಆರು ಕಳಿ, ಅಂದರೆ ತುದಿ ಚೂಪಾದ ತುಂಡು, ಕತ್ತರಿಸಿ ತುದಿ ಕೂಡಿಸಿದೆ. ಒಳಗೆ ಅಪ್ಪನ ಹಳೇ ಧೋತರದ ಅಸ್ತರ್, ಒಗೆದು ಒಗೆದು ಬೆಣ್ಣೆಯಾದ ಬಟ್ಟೆ. ಹೊಲಿಗೆಯ ಗಂಟೆಲ್ಲ ಎರಡು ಬಟ್ಟೆಗಳ ನಡುವೆ ಅಡಗಬೇಕು, ಚರ್ಮಕ್ಕೆ ತಾಗಬಾರದು. ಮಿಂಚುವ ಟಿಕಳಿ, ಅದೇ ಚಮ್ಕಿ, ನೆತ್ತಿಯ ಸುತ್ತ ಮಾತ್ರ. ಕಟ್ಟುವ ಲಾಡಿಯ ಹತ್ತಿರ ಒಂದೂ ಇಲ್ಲ, ಯಾಕಂದ್ರೆ ನಾಳೆ ಅದೆಲ್ಲ ಬಾಯಿಗೇ ಹೋಗೋದು. ಅಂಚಿಗೆ ಗೋಟಾ ಪಟ್ಟಿ. ಇಷ್ಟಕ್ಕೆ ಆರು ದಿನ ಹಿಡಿಯಿತು. ಗೊಂಡೆಗೆ ಇನ್ನೆರಡು ದಿನ! ಎರಡು ಬೆರಳಿಗೆ ಕೆಂಪು ರೇಷ್ಮೆ ದಾರ ಸುತ್ತಿ, ಕೊರಳು ಬಿಗಿದು, ಬುಡ ಕತ್ತರಿಸಿದರೆ ಒಮ್ಮೆ ಪೊರಕೆ, ಒಮ್ಮೆ ಇಲಿ ಬಾಲ. ಐದನೆಯದು ಗೊಂಡೆಯ ಹಾಗೆ ಕಂಡಿತು. ಕಾಯಿಗೆ ತೊಡಿಸಿ ನೋಡಿದರೆ ನೆತ್ತಿ ಚೂಪಾಗಿ ನಿಂತಿತ್ತು. ಅವ್ವ ಕನ್ನಡಕ ಏರಿಸಿ, "ಗುಮ್ಮಟ ಆದಂಗ ಆಗ್ಯಾದ, ಇರಲಿ ಬಿಡು" ಅಂದಳು. ಅವಳ ಬಾಯಲ್ಲಿ ಇದು ಜಾಸ್ತಿಯೇ ಹೊಗಳಿಕೆ.

ತೊಟ್ಟಿಲ ದಿನ ಸೇಡಂನಲ್ಲಿ ಮೇ ತಿಂಗಳ ಬಿಸಿಲು, ಫ್ಯಾನ್ ಕೆಳಗೂ ಬೆವರು. ಕುಲಾವಿ ಕಟ್ಟಿ, ಕಿವಿಯಲ್ಲಿ ಕುರ್ರ್ ಅಂದು ಹೆಸರು ಹೇಳಿದೆ. ಹಿಂದಿನಿಂದ ಹೆಂಗಸರೆಲ್ಲ ಸೇರಿ ನನ್ನ ಬೆನ್ನಿಗೆ ದಬದಬ ಗುದ್ದಿದರು, ಸೋದರತ್ತೆಗೆ ಅದೇ ಮರ್ಯಾದೆ. ಕೂಸು ಕಿಟಾರನೆ ಕಿರುಚಿ ಕೆಂಪಾಯಿತು. ಯಾರೋ ಅಜ್ಜಿ "ಅಯ್ಯ, ಶೆಕಿ ಆಗ್ತದ ಅದಕ್ಕ" ಅಂತ ಲಾಡಿ ಬಿಚ್ಚಿಯೇಬಿಟ್ಟರು. ಫೋಟೋದವನು ಆಗಿನ್ನೂ ಲೈಟ್ ಸರಿ ಮಾಡ್ತಾ ಇದ್ದ.

ಹಾಗಾಗಿ ಕುಲಾವಿ ನೆಟ್ಟಗೆ ಕಾಣುವ ಫೋಟೋ ನನ್ನ ಫೋನಿನಲ್ಲಿ ಒಂದೇ ಇದೆ. ಅದರಲ್ಲಿ ತೆಂಗಿನಕಾಯಿ ಮೂರೂ ಕಣ್ಣು ಬಿಟ್ಟುಕೊಂಡು, ಕೆಂಪು ಗೊಂಡೆ ಹೊತ್ತು, ಬಲು ಗಂಭೀರವಾಗಿ ಕೂತಿದೆ.