ನಾವು ಕೇಳಿದರೆ ಸಂಘಟನೆ, ಅವರು ಕೇಳಿದರೆ ಜಾತಿ ರಾಜಕಾರಣ

ನಿನ್ನೆ ನಮ್ಮ ಜನಾಂಗದ ಸಮಾವೇಶಕ್ಕೆ ಹೋಗಿದ್ದೆ. ಬಾಗಿಲಲ್ಲೇ ಒಂದು ರಿಜಿಸ್ಟರ್: ಹೆಸರು, ಊರು, ಒಳಪಂಗಡ. ಪಕ್ಕದ ಟೇಬಲ್ಲಿನಲ್ಲಿ ವಧು-ವರರ ನೋಂದಣಿ. ವೇದಿಕೆ ಮೇಲಿದ್ದ ಹಿರಿಯರೊಬ್ಬರು ಮೈಕ್ ಹಿಡಿದು, "ಜಾತಿ ರಾಜಕಾರಣದಿಂದ ದೇಶ ಹಾಳಾಯ್ತು, ನಾವೆಲ್ಲ ಒಂದೇ" ಅಂದರು. ಚಪ್ಪಾಳೆ. ಎರಡು ನಿಮಿಷ ಬಿಟ್ಟು, "ಈ ಸಲ ಜಿಲ್ಲೆಯಲ್ಲಿ ನಮ್ಮವರಿಗೆ ಎರಡು ಟಿಕೆಟ್ ಆದ್ರೂ ಕೊಡಬೇಕು" ಅಂದರು. ಇನ್ನೂ ಜೋರು ಚಪ್ಪಾಳೆ.

ನನಗೆ ತಡೆಯಲಾಗಲಿಲ್ಲ. "ಇದೂ ಜಾತಿ ರಾಜಕಾರಣವೇ ಅಲ್ವಾ ದೊಡ್ಡಪ್ಪ?" ಅಂದೆ.

"ಅದು ಬೇರೆ ಕಣೋ. ಇದು ಸಂಘಟನೆ."

ಈ 'ಅದು ಬೇರೆ' ಕೇಳಿ ಕೇಳಿ ಸಾಕಾಗಿದೆ. 1918ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣರೇ ಜಾಸ್ತಿ ಇದ್ದರು. ನಮಗೂ ಪಾಲು ಬೇಕು ಅಂತ ಕೇಳಿದವರಲ್ಲಿ ನಮ್ಮ ಹಿರಿಯರೂ ಇದ್ದರು. ಮಹಾರಾಜ ನಾಲ್ವಡಿಯವರು ಈ ಬೇಡಿಕೆ ಪರಿಶೀಲಿಸಲು ಮಿಲ್ಲರ್ ಸಮಿತಿ ನೇಮಿಸಿದರು. ಅರ್ಹತೆ ಕೆಡುತ್ತೆ, ಆಡಳಿತ ಹಾಳಾಗುತ್ತೆ ಅನ್ನೋ ಮಾತು ಆಗಲೂ ಎದ್ದಿತ್ತು. ಅವತ್ತು ನಮ್ಮ ವಿರುದ್ಧ ಬಂದ ಮಾತನ್ನು ಇವತ್ತು ನಾವು ಇನ್ನೊಬ್ಬರ ಮೇಲೆ ಎಸೆಯುತ್ತಿದ್ದೇವೆ.

2023ರ ಮಾರ್ಚ್ ನೆನಪಿದೆಯಾ? ಚುನಾವಣೆಗೆ ಒಂದೂವರೆ ತಿಂಗಳಿತ್ತು. ಜಾತಿ ಹೆಸರಲ್ಲಿ ಸಮಾಜ ಒಡೀಬೇಡಿ ಅನ್ನುವ ಬಿಜೆಪಿಯ ಸರ್ಕಾರವೇ ಹಿಂದುಳಿದ ವರ್ಗಗಳ ಪಟ್ಟಿಯ 2ಬಿ ಪ್ರವರ್ಗದಲ್ಲಿ ಮುಸ್ಲಿಮರಿಗಿದ್ದ 4% ಮೀಸಲಾತಿ ತೆಗೆದು, ಒಕ್ಕಲಿಗರಿಗೂ ಲಿಂಗಾಯತರಿಗೂ ತಲಾ 2% ಹಂಚಲು ಹೊರಟಿತು. ಅದನ್ನು ಅಸ್ಮಿತೆ ರಾಜಕಾರಣ ಅಂತ ನಮ್ಮ ಪೈಕಿ ಯಾರೂ ಕರೆಯಲಿಲ್ಲ. ನ್ಯಾಯ ಸಿಕ್ತು ಅಂದರು.

'ನಾವು ಉಳಿಸಲು ಹೊರಟಿರೋದು ಸಂಪ್ರದಾಯವನ್ನು, ಜಾತಿಯನ್ನಲ್ಲ' ಅಂತ ಕೆಲವು ಗೆಳೆಯರು ಹೇಳುತ್ತಾರೆ. ಸಂಪ್ರದಾಯ ನನಗೂ ಬೇಕು. ನಮ್ಮೂರ ತೇರು ಅಂದರೆ ಇವತ್ತಿಗೂ ರಜೆ ಹಾಕಿ ಓಡುತ್ತೇನೆ. ಆದರೆ ಆ ತೇರಿನ ಹಗ್ಗ ಮೊದಲು ಯಾರು ಹಿಡಿಯಬೇಕು, ಯಾರು ದೂರ ನಿಂತು ಕೈ ಮುಗಿಯಬೇಕು ಅನ್ನೋದೆಲ್ಲ ಜಾತಿಯಿಂದಲೇ ತೀರ್ಮಾನ. ಅದನ್ನು ಹಾಗೇ ಉಳಿಸಿ ಅನ್ನೋದು ಜಾತಿಯ ಪರ ನಿಂತ ಹಾಗೇ. ದೂರ ನಿಂತವನು 'ನನಗೂ ಹಗ್ಗ ಕೊಡಿ' ಅಂದ ತಕ್ಷಣ ಸಮಾಜ ಒಡೆಯುವವನು ಆಗಿಬಿಡುತ್ತಾನೆ.

ಒಂದು ವಿಷಯ ಇಲ್ಲಿ ಯಾರಿಗೂ ಹೇಳಿಲ್ಲ. ಡಿಗ್ರಿಯ ಮೂರೂ ವರ್ಷ ನಾನಿದ್ದದ್ದು ನಮ್ಮ ಜನಾಂಗದ ಹಾಸ್ಟೆಲ್‌ನಲ್ಲಿ. ಊಟ, ವಸತಿ ಎರಡೂ ಉಚಿತ. ಅರ್ಜಿ ಜೊತೆ ಜಾತಿ ಪ್ರಮಾಣಪತ್ರ ಇಟ್ಟಿದ್ದೆ. ಅದೇ ಹಾಸ್ಟೆಲ್ ಮಂಚದ ಮೇಲೆ ಕೂತು ಮೀಸಲಾತಿ ವಿರುದ್ಧ ಚರ್ಚಾಸ್ಪರ್ಧೆಗೆ ಭಾಷಣ ಬರೆದೆ. ಮೊದಲ ಬಹುಮಾನವೂ ಬಂತು. ಸ್ಕಾಲರ್‌ಶಿಪ್ಪಿನಲ್ಲಿ ಓದುತ್ತಿದ್ದ ಗೆಳೆಯ ಎರಡನೇ ಸಾಲಿನಲ್ಲಿ ಕೂತಿದ್ದ. ತಲೆ ತಗ್ಗಿಸಿ ಡೆಸ್ಕಿನ ಮೇಲೆ ಉಗುರಿನಿಂದ ಗೀರುತ್ತಿದ್ದ. ಅವತ್ತಿನಿಂದ ಕ್ಯಾಂಟೀನಿಗೆ ನನ್ನ ಜೊತೆ ಬರೋದು ಬಿಟ್ಟ. ಯಾಕೆ ಅಂತ ನಾನೂ ಕೇಳಲಿಲ್ಲ.

ನಿನ್ನೆ ರಾತ್ರಿ ಅವನ ನಂಬರ್ ಹುಡುಕಿ ಫೋನ್ ಮಾಡಿದೆ. ಆ ಭಾಷಣದ ಒಂದು ಸಾಲು ಅವನಿಗೆ ಇನ್ನೂ ಬಾಯಿಪಾಠ ಇದೆ.