ಕಾಲೇಜು ಬದಲಿಸಿದ ಕ್ವಾರ್ಟರ್‌ಬ್ಯಾಕ್‌ಗೆ ಒಂದು ವರ್ಷ ಬೆಂಚೇ ಗತಿಯೇ?

ಅಮೆರಿಕದಲ್ಲಿ ಮಕ್ಕಳನ್ನು ಓದಿಸುತ್ತಿರುವ ಕನ್ನಡಿಗರ ವಾಟ್ಸ್ಆ್ಯಪ್ ಗುಂಪುಗಳಿಗೂ ಈ ಸಂದೇಶ ಬರುತ್ತಿರುತ್ತದೆ: ಕ್ವಾರ್ಟರ್‌ಬ್ಯಾಕ್ (ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಎಸೆದು ತಂಡದ ದಾಳಿ ನಡೆಸುವ ಆಟಗಾರ) ಬೇರೆ ಕಾಲೇಜು ಸೇರಿದರೆ ಒಂದು ವರ್ಷ ಆಡುವಂತಿಲ್ಲ. ಈಗ ಇದು ತಪ್ಪು. ಆದರೆ ಕಟ್ಟುಕತೆಯಲ್ಲ, ಹಳೆಯ ನಿಯಮ. ಮೊದಲ ದರ್ಜೆಯ ಕಾಲೇಜು ಫುಟ್‌ಬಾಲ್‌ನಲ್ಲಿ ಬಹುಕಾಲ ಹಾಗೇ ಇತ್ತು, ಆದ್ದರಿಂದ ಕಳುಹಿಸುವವರನ್ನು ದೂರುವಂತಿಲ್ಲ. 2021ರಲ್ಲಿ ಒಂದು ಸಲಕ್ಕೆ ವಿನಾಯಿತಿ ಸಿಕ್ಕಿತು. 2024ರಲ್ಲಿ ಆ ಮಿತಿಯೂ ಹೋಯಿತು. ಓದಿನ ಅರ್ಹತೆ ಸರಿಯಿದ್ದರೆ, ಕಾಲೇಜು ಬದಲಿಸಲು ಬಯಸುವವರ ಪಟ್ಟಿಗೆ ನಿಗದಿತ ಅವಧಿಯೊಳಗೆ ಹೆಸರು ಕೊಟ್ಟಿದ್ದರೆ, ಮುಂದಿನ ಸೀಸನ್‌ನಲ್ಲೇ ಆಡಬಹುದು.

ಇನ್ನೊಂದು ಗೊಂದಲ ಆ ಪಟ್ಟಿಯದು, ಅಂದರೆ 'ಪೋರ್ಟಲ್'ನದು: ಅಲ್ಲಿ ಹೆಸರು ಬಂದರೆ ಹುಡುಗ ಕಾಲೇಜು ಬಿಟ್ಟಂತೆಯೇ ಎಂಬುದು. 2018ರಲ್ಲಿ ಶುರುವಾದ ಇದು ಬರೀ ಹೆಸರುಗಳ ಪಟ್ಟಿ. ಹೆಸರು ಅಲ್ಲಿ ಬಂದರೆ ಬೇರೆ ಕಾಲೇಜಿನ ಕೋಚ್‌ಗಳು ಹುಡುಗನನ್ನು ಸಂಪರ್ಕಿಸಬಹುದು, ಅಷ್ಟೇ. ಎಲ್ಲಿಗೂ ಹೋಗದೆ ಹಿಂದೆ ಸರಿದವರೂ ಇದ್ದಾರೆ. ಹಳೆಯ ಸ್ಕಾಲರ್‌ಶಿಪ್ ಉಳಿಯುತ್ತದೆಂಬ ಖಾತ್ರಿ ಮಾತ್ರ ಇಲ್ಲ.

ಪರೀಕ್ಷಿಸುವುದು ಸುಲಭ. ಮೊದಲು ಸಂದೇಶದಲ್ಲಿ ತಾರೀಖು ಇದೆಯೇ ನೋಡಿ. ಸಾಮಾನ್ಯವಾಗಿ ಇರುವುದೇ ಇಲ್ಲ. ಆಮೇಲೆ ಹೊಸ ಕಾಲೇಜಿನ ಕ್ರೀಡಾ ವಿಭಾಗದ ಜಾಲತಾಣದಲ್ಲಿ ತಂಡದ ಪಟ್ಟಿ ತೆರೆಯಿರಿ. ಎಷ್ಟೋ ಕಡೆ ಆಟಗಾರನ ಹೆಸರಿನ ಪಕ್ಕ ಹಿಂದಿನ ಕಾಲೇಜೂ ಇರುತ್ತದೆ. ಸೀಸನ್ನಿನ ಮೊದಲ ಪಂದ್ಯದ ಸ್ಕೋರ್ ಪಟ್ಟಿಯಲ್ಲಿ 'ಪಾಸಿಂಗ್' (ಚೆಂಡು ಎಸೆದವರ ಲೆಕ್ಕ) ಸಾಲಿನಲ್ಲಿ ಅವನ ಹೆಸರಿದ್ದರೆ, ಅವನು ಬೆಂಚಿನ ಮೇಲೆ ಕೂತಿರಲಿಲ್ಲ.