ಆಕಾಶಕ್ಕೆ ನಮ್ಮ ವಿಳಾಸ ಕೊಡಬೇಕಾ?

ಬೇರೆ ನಕ್ಷತ್ರಗಳ ಕಡೆ ಯಾರಾದರೂ ಇದ್ದರೆ ಅವರಿಗೆ ಮುಟ್ಟಲಿ ಅಂತ ನಾವು ಸಂದೇಶ ಕಳಿಸಬೇಕಾ, ಬೇಡವಾ? ಇಬ್ಬರ ಮಾತು ಇಲ್ಲಿದೆ.

ಪರ: ಕೇಳುವವರನ್ನು ಎಣಿಸಿ ಹಾಡುವುದಿಲ್ಲ (ಧಾರವಾಡದಿಂದ)

ಹೋದ ಶ್ರಾವಣದಲ್ಲಿ ನಮ್ಮ ಓಣಿಯಲ್ಲಿ ಒಂದು ಬೈಠಕ್ ಇತ್ತು. ಜೋರು ಮಳೆ. ಬಂದವರು ಹದಿನಾಲ್ಕು ಜನ, ಅದರಲ್ಲಿ ಇಬ್ಬರು ಚಹಾ ಕೊಡುವವರು. ಆದರೂ ಗಾಯಕರು ಮೂರು ತಾಸು ಹಾಡಿದರು. ತಲೆ ಎಣಿಸಿ ಷಡ್ಜ ಹಚ್ಚುವುದು ಈ ಊರಿನ ರೂಢಿಯಲ್ಲ.

1977ರಲ್ಲಿ ಅಮೆರಿಕದಿಂದ ಹೊರಟ ಎರಡು ವಾಯೇಜರ್ ಬಾಹ್ಯಾಕಾಶ ನೌಕೆಗಳಲ್ಲೂ ಇಂಥದೇ ಒಂದು ಬೈಠಕ್ ಇದೆ. ಗ್ರಾಮಫೋನಿನಂಥ ತಾಮ್ರದ ತಟ್ಟೆ, ಮೇಲೆ ಚಿನ್ನದ ಲೇಪ. ಅದರಲ್ಲಿ 55 ಭಾಷೆಗಳ ಶುಭಾಶಯ, ಸುಮಾರು 90 ನಿಮಿಷ ಸಂಗೀತ. ನಮ್ಮ ದೇಶದಿಂದ ಒಂದೇ ಹಾಡು: ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿ, ‘ಜಾತ್ ಕಹಾಂ ಹೋ’. ಎಲ್ಲಿಗೆ ಹೊರಟೆ ಅಂತ ಅರ್ಥ. ಕೇಸರಬಾಯಿ ಜೈಪುರ-ಅತ್ರೌಲಿ ಘರಾಣೆಯವರು, ಅಂದರೆ ಆ ಗಾಯನ ಪರಂಪರೆಯವರು. ನಮ್ಮ ಮಲ್ಲಿಕಾರ್ಜುನ ಮನ್ಸೂರರದೂ ಅದೇ ಘರಾಣೆ. ಹಾಗಾಗಿ ನಮಗೆ ಇದು ಮನೆಯ ಹಿರಿಯರ ಹಾಡಿದ್ದ ಹಾಗೆ. ವಾಯೇಜರ್ 1 ಹಾರಿದ್ದು ಸೆಪ್ಟೆಂಬರ್ 5ಕ್ಕೆ. ಕೇಸರಬಾಯಿ ತೀರಿಕೊಂಡದ್ದು ಸೆಪ್ಟೆಂಬರ್ 16ಕ್ಕೆ. ಭೈರವಿ ಬೈಠಕ್ಕಿನ ಕೊನೆಗೆ ಹಾಡುವ ರಾಗ, ಅಲ್ವಾ? ಇಲ್ಲಿ ಮಾತ್ರ ಅದು ಇನ್ನೂ ಮುಗಿದಿಲ್ಲ.

ಆ 55ರಲ್ಲಿ ಕನ್ನಡವೂ ಇದೆ. ಕನ್ನಡಿಗರ ಪರವಾಗಿ ಒಂದು ನಮಸ್ತೆ, ಶುಭಾಶಯ, ಅಷ್ಟೇ. ಸಭ್ಯವಾಗಿದೆ, ಸ್ವಲ್ಪ ಒಣ ಒಣ. ಧಾರವಾಡದವರ ಕೈಗೆ ಮೈಕು ಸಿಕ್ಕಿದ್ದರೆ ‘ಬರ್ರೀ, ಊಟ ಆತೇನ್ರೀ’ ಅನ್ನುತ್ತಿದ್ದರು. ಮಜಾ ಏನೆಂದರೆ ಚೀನಾದ ಅಮೋಯ್ ಮಾತಿನ ಶುಭಾಶಯದಲ್ಲಿ ನಿಜಕ್ಕೂ ಅದೇ ಇದೆ. ಊಟ ಆಯಿತಾ, ಪುರುಸೊತ್ತಾದರೆ ನಮ್ಮ ಕಡೆ ಬನ್ನಿ, ಅಂತ.

ಇದರಲ್ಲಿ ಹೆದರುವಂಥದ್ದೇನಿದೆ? ವಾಯೇಜರ್ 1 ಇನ್ನೊಂದು ನಕ್ಷತ್ರದ ‘ಹತ್ತಿರ’ ಹಾಯಲು ಸುಮಾರು 40,000 ವರ್ಷ ಬೇಕು. ಆ ಹತ್ತಿರವೂ ಒಂದೂವರೆ ಜ್ಯೋತಿರ್ವರ್ಷಕ್ಕಿಂತ (ಬೆಳಕು ಒಂದು ವರ್ಷದಲ್ಲಿ ಸಾಗುವ ದೂರವೇ ಜ್ಯೋತಿರ್ವರ್ಷ) ಜಾಸ್ತಿ ದೂರ. 1974ರಲ್ಲಿ ಅರೆಸಿಬೊ ರೇಡಿಯೊ ದೂರದರ್ಶಕದಿಂದ ಕಳಿಸಿದ ಸಂದೇಶ ಮುಟ್ಟಬೇಕಾದ ನಕ್ಷತ್ರಗಳ ಗುಂಪು 25,000 ಜ್ಯೋತಿರ್ವರ್ಷ ಆಚೆ ಇದೆ. ಮೇಲಾಗಿ ನಮ್ಮ ರೇಡಿಯೊ, ಟಿವಿ, ರಾಡಾರ್ ಎಷ್ಟೋ ದಶಕಗಳಿಂದ ಆಕಾಶಕ್ಕೆ ಸೋರುತ್ತಲೇ ಇವೆ. ಈಗ ಬಾಯಿ ಮುಚ್ಚಿಕೊಂಡು ಏನು ಉಪಯೋಗ?

ವಿರೋಧ: ಮನೆಯವರನ್ನು ಕೇಳಿ ಊಟಕ್ಕೆ ಕರೆಯಿರಿ (ಹಾವೇರಿ ಕಡೆಯಿಂದ)

ತಟ್ಟೆಯ ಬಗ್ಗೆ ನನ್ನ ತಕರಾರಿಲ್ಲ. ಅದು ಹೊಳೆಯಲ್ಲಿ ತೇಲಿಬಿಟ್ಟ ದೀಪ. ಅದರಲ್ಲಿ ಯುದ್ಧ, ಬಡತನ, ರೋಗದ ಚಿತ್ರ ಬೇಕಂತಲೇ ಹಾಕಿಲ್ಲ. ಹೆಣ್ಣು ನೋಡಲು ಬರುವ ದಿನ ಮೂಲೆಯ ಸಾಮಾನಿನ ಮೇಲೆ ಚಾದರ ಹೊದಿಸಿದ ಹಾಗೆ. ನಾವೆಲ್ಲ ಮಾಡುವುದೇ. ಕೇಸರಬಾಯಿಯ ಹಾಡಿಗಂತೂ ನನ್ನ ಕೈ ಮುಗಿದೇ ಇದೆ.

ನನ್ನ ಜಗಳ ರೇಡಿಯೊ ಜೊತೆ. ಧಾರವಾಡದ ಗೆಳೆಯರು ಸೋರುವ ಅಲೆ, ಬೇಕಂತ ಕಳಿಸುವ ಅಲೆ ಎರಡನ್ನೂ ಒಂದೇ ಬುಟ್ಟಿಗೆ ಹಾಕಿಬಿಟ್ಟರು. ಸೋರುವ ಅಲೆಗಳು ಎಲ್ಲ ದಿಕ್ಕಿಗೂ ಹರಡಿ ಬೇಗ ಕ್ಷೀಣಿಸುತ್ತವೆ. ಮದುವೆಮನೆ ಗದ್ದಲ ಪಕ್ಕದೂರಿಗೆ ಅಲ್ಪ ಸ್ವಲ್ಪ ಕೇಳುವುದು ಬೇರೆ, ಮೈಕಿನ ಹಾರ್ನು ಆ ಊರಿನ ಕಡೆಗೇ ತಿರುಗಿಸಿ ಕೂಗುವುದು ಬೇರೆ. ಅರೆಸಿಬೊದಲ್ಲಿ ಮಾಡಿದ್ದು ಎರಡನೆಯದು. ಮೂರು ನಿಮಿಷದೊಳಗಿನ ಸಂದೇಶ, 1679 ಬಿಟ್. ಅದರಲ್ಲಿ ನಮ್ಮ ಡಿಎನ್‌ಎ, ಮನುಷ್ಯನ ಆಕಾರ, ಎತ್ತರ, ಜನಸಂಖ್ಯೆ. ಗ್ರಹಗಳ ಸಾಲಿನಲ್ಲಿ ಭೂಮಿಯನ್ನು ಸ್ವಲ್ಪ ಮೇಲೆತ್ತಿ ‘ಇದೇ ನಮ್ಮ ಮನೆ’ ಅಂತಲೂ ತೋರಿಸಿದ್ದಾರೆ. ಪಿನ್‌ಕೋಡ್ ಸಮೇತ ವಿಳಾಸ! ಬ್ರಿಟನ್ನಿನ ಖಗೋಳ ವಿಜ್ಞಾನಿ ಮಾರ್ಟಿನ್ ರೈಲ್ ಆಗಲೇ ಇದನ್ನು ವಿರೋಧಿಸಿದ್ದರು. ರೇಡಿಯೊ ಖಗೋಳದಲ್ಲೇ ನೊಬೆಲ್ ಪಡೆದವರು, ಸುಮ್ನೆ ಹೆದರುವ ಆಸಾಮಿಯಲ್ಲ.

ಚಿಕ್ಕವನಿದ್ದಾಗ ಗೋವಿನಜೋಳದ ಹೊಲ ಕಾಯಲು ಅಜ್ಜನ ಜೊತೆ ಹೋಗುತ್ತಿದ್ದೆ. ಕತ್ತಲಲ್ಲಿ ಸಪ್ಪಳ ಆದರೆ ನಾನು ತಕ್ಷಣ ‘ಯಾರದು’ ಅಂತ ಕೂಗುತ್ತಿದ್ದೆ. ಅಜ್ಜ ಬಾಯಿಗೆ ಕೈ ಇಡುತ್ತಿದ್ದ. ‘ತಮ್ಮಾ, ಮೊದಲ ಕೇಳು. ಆಮ್ಯಾಲೆ ಒದರು.’ ಹಂದಿಯೋ, ಕಳ್ಳನೋ, ನೀರು ಬಿಡಲು ಬಂದ ಪಕ್ಕದ ಹೊಲದವನೋ ಗೊತ್ತಾಗುವವರೆಗೆ ನಾವಿಬ್ಬರೂ ಉಸಿರು ಹಿಡಿದು ಕೂರಬೇಕು. ಹೆಚ್ಚಿನ ಸಲ ಪಕ್ಕದವನೇ. ಆದರೂ ಅಜ್ಜ ರೂಢಿ ಬಿಡಲಿಲ್ಲ. ಆಕಾಶಕ್ಕೆ ಕಿವಿ ಕೊಟ್ಟು ಕೂರುವ ಕೆಲಸವನ್ನು ನಾವು ಶುರುಮಾಡಿದ್ದೇ 1960ರಲ್ಲಿ. ಕೂಗಲು ಅಷ್ಟು ಅವಸರ ಯಾಕೆ?

25,000 ಜ್ಯೋತಿರ್ವರ್ಷದ ಲೆಕ್ಕ ಹೇಳಿದರಲ್ಲ, ಒಪ್ಪಿದೆ. ಆದರೆ ಎಲ್ಲರೂ ಅಷ್ಟು ದೂರಕ್ಕೆ ಕಳಿಸುತ್ತಿಲ್ಲ. 2008ರಲ್ಲಿ ಸಪ್ತರ್ಷಿ ಮಂಡಲದ ಒಂದು ನಕ್ಷತ್ರಕ್ಕೆ ಚಿಪ್ಸ್ ಜಾಹೀರಾತು ಕಳಿಸಿದರು. ದೂರ ಸುಮಾರು 45 ಜ್ಯೋತಿರ್ವರ್ಷ, ಅಂದರೆ ಹೋಗಲು 45 ವರ್ಷ, ಉತ್ತರ ಬರಲು ಮತ್ತೆ 45. ಯಾರನ್ನು ಕೇಳಿ ಕಳಿಸಿದರು? ಹಾವೇರಿಯವರನ್ನಂತೂ ಕೇಳಲಿಲ್ಲ. ಅಲ್ಲಿ ಯಾರಾದರೂ ಇದ್ದು, ಕೇಳಿಸಿಕೊಂಡು, ಕೂಡಲೇ ಉತ್ತರ ಬರೆದರೆ ಅದು ಇಲ್ಲಿಗೆ ಮುಟ್ಟುವುದು 2098ರ ಹೊತ್ತಿಗೆ. ಆಗ ಬಾಗಿಲು ತೆರೆಯುವವರು ನನ್ನ ಮೊಮ್ಮಕ್ಕಳು. ಬಂದವರು ಒಳ್ಳೆಯವರೇ ಇರಲಿ. ಆದರೆ ಅವರು ಮೊದಲು ಕೇಳುವುದು ಭೈರವಿಯನ್ನಲ್ಲ, ಚಿಪ್ಸ್ ಪೊಟ್ಟಣವನ್ನು.